ಮಳೆ ಪೂಜೆಯಿಂದ ಮೊಟ್ಟೆಯವರೆಗೆ: ಸರ್ಕಾರ ಮತ್ತು ಧರ್ಮದ ನಡುವಿನ ಗೆರೆ ಎಲ್ಲಿದೆ?

2012ರ ಜುಲೈನಲ್ಲಿ ಮುಂಗಾರು ಕೈಕೊಟ್ಟಿತ್ತು. ಜಗದೀಶ ಶೆಟ್ಟರ್ ಅವರ ಬಿಜೆಪಿ ಸರ್ಕಾರ ಮುಜರಾಯಿ ಇಲಾಖೆಯ ಸುಮಾರು 34 ಸಾವಿರ ದೇವಸ್ಥಾನಗಳಲ್ಲಿ ಮಳೆಗಾಗಿ ವಿಶೇಷ ಪೂಜೆ ಮಾಡಿಸಲು ಆದೇಶ ಹೊರಡಿಸಿತು. ದೇವಸ್ಥಾನಕ್ಕೆ ತಲಾ 5 ಸಾವಿರ ರೂಪಾಯಿ. ಲೆಕ್ಕ ಹಾಕಿದರೆ 17 ಕೋಟಿ. 2017ರ ಜೂನ್‌ನಲ್ಲಿ ಸಿದ್ದರಾಮಯ್ಯನವರ ಕಾಂಗ್ರೆಸ್ ಸರ್ಕಾರ ಇತ್ತು. ಆಗ ಜಲಸಂಪನ್ಮೂಲ ಸಚಿವರಾಗಿದ್ದ ಎಂ.ಬಿ. ಪಾಟೀಲರು ಮುಂದೆ ನಿಂತು ಕೃಷ್ಣಾ ಮತ್ತು ಕಾವೇರಿ ಉಗಮದ ಜಾಗಗಳಲ್ಲಿ ಮಳೆಗಾಗಿ ಪೂಜೆ-ಹೋಮ ಮಾಡಿಸಿದರು. 2019ರ ಜೂನ್‌ನಲ್ಲಿ ಕುಮಾರಸ್ವಾಮಿಯವರ ಮೈತ್ರಿ ಸರ್ಕಾರದ ಮುಜರಾಯಿ ಇಲಾಖೆ ಸುತ್ತೋಲೆ ಕಳಿಸಿತು: ಪರ್ಜನ್ಯ ಜಪ, ಹೋಮ ಮಾಡಿ, ಖರ್ಚು 10,001 ರೂಪಾಯಿ ಮೀರದಂತೆ ನೋಡಿಕೊಳ್ಳಿ, ಹಣ ದೇವಸ್ಥಾನದ ನಿಧಿಯಿಂದಲೇ ತೆಗೆಯಿರಿ. ಆ ಸರ್ಕಾರ ನಡೆಸುತ್ತಿದ್ದ ಪಕ್ಷದ ಹೆಸರಲ್ಲೇ 'ಜಾತ್ಯತೀತ' ಅನ್ನೋ ಪದ ಇದೆ.

ಹೀಗೆ ಮೂರೂ ಪಕ್ಷಗಳು ಮಾಡಿದ್ದು ಒಂದೇ ಕೆಲಸ. ಆದ್ದರಿಂದ ಇದು 'ಅವರು ಮಾಡಿದ್ರು, ಇವರು ಮಾಡಲಿಲ್ಲ' ಅನ್ನೋ ಜಗಳ ಅಲ್ಲ. ರೈತ ಮಳೆಗಾಗಿ ಕಪ್ಪೆ ಮದುವೆ ಮಾಡಿಸಿದರೆ, ಊರವರು ಗುರ್ಚಿ ಹೊತ್ತರೆ, ಮಸೀದಿಯಲ್ಲಿ ಮಳೆಗಾಗಿ ನಮಾಜು ನಡೆದರೆ ಅದು ಅವರವರ ನಂಬಿಕೆ, ಅದಕ್ಕೆ ಸಂವಿಧಾನದ ರಕ್ಷಣೆಯೂ ಇದೆ. ಆದರೆ ಅದೇ ಕೆಲಸಕ್ಕೆ ಸರ್ಕಾರ ಲೆಟರ್‌ಹೆಡ್ ಮೇಲೆ ಆದೇಶ ಹೊರಡಿಸಬಹುದಾ? ಒಂದು ಇಲಾಖೆ ಯಾವುದೇ ನಿರ್ಧಾರ ತಗೊಂಡಾಗ ಅದಕ್ಕೆ ಎಂಥಾ ಕಾರಣ ಕೊಡಬೇಕು? ಈ ಲೇಖನ ಇರೋದು ಈ ಪ್ರಶ್ನೆಗಳ ಬಗ್ಗೆ.

ಒಂದು ಪದ, ಮೂರು ಕನ್ನಡ

ಮೊದಲ ಗೊಂದಲ ಭಾಷೆಯಲ್ಲೇ ಇದೆ. ಸಂವಿಧಾನದ ಪ್ರಸ್ತಾವನೆಗೆ 1976ರ 42ನೇ ತಿದ್ದುಪಡಿಯಲ್ಲಿ ಸೇರಿದ 'ಸೆಕ್ಯುಲರ್' ಪದಕ್ಕೆ ನಾವು ಮೂರು ಪದ ಬಳಸುತ್ತೇವೆ. ಜಾತ್ಯತೀತ ಅಂದರೆ ಜಾತಿಯನ್ನು ಮೀರಿದ್ದು. ಧರ್ಮನಿರಪೇಕ್ಷ ಅಂದರೆ ಧರ್ಮದ ಹಂಗಿಲ್ಲದ್ದು. ಸರ್ವಧರ್ಮ ಸಮಭಾವ ಅಂದರೆ ಎಲ್ಲಾ ಧರ್ಮಗಳನ್ನೂ ಸಮವಾಗಿ ಕಾಣೋದು. ನಮ್ಮ ಶಾಲೆಗಳಲ್ಲಿ ಮಕ್ಕಳು ಓದುವ ಕನ್ನಡ ಪ್ರಸ್ತಾವನೆಯಲ್ಲಿ ಇರೋದು ಈ ಮೂರನೆಯದು.

ಇವು ಮೂರೂ ಒಂದೇ ಅಲ್ಲ. ಎರಡನೆಯದನ್ನು ಒಪ್ಪಿದರೆ ಸರ್ಕಾರ ಮಳೆ ಪೂಜೆಯ ಆದೇಶ ಹೊರಡಿಸುವಂತಿಲ್ಲ. ಮೂರನೆಯದನ್ನು ಒಪ್ಪಿದರೆ 'ದೇವಸ್ಥಾನಕ್ಕೂ ಹೇಳ್ತೀವಿ, ಮಸೀದಿಗೂ ಹೇಳ್ತೀವಿ, ಚರ್ಚಿಗೂ ಹೇಳ್ತೀವಿ' ಅಂದುಬಿಟ್ಟರೆ ಆಯ್ತು. ನಮ್ಮ ರಾಜಕಾರಣಿಗಳಿಗೆ ಯಾವುದು ಅನುಕೂಲ ಅಂತ ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದಲ್ಲಿ ಸಂವಿಧಾನದ ಮೊದಲ ತಿದ್ದುಪಡಿಯೇ ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸುವಂತಿಲ್ಲ ಅನ್ನುತ್ತೆ. ಚರ್ಚು ಮತ್ತು ಸರ್ಕಾರದ ನಡುವೆ 'ಗೋಡೆ' ಇದೆ ಅಂತ ಜೆಫರ್ಸನ್ 1802ರಲ್ಲಿ ಒಂದು ಪತ್ರದಲ್ಲಿ ಬರೆದರು. ಅಲ್ಲಿನ ಜಾತ್ಯತೀತವಾದಿಗಳು ಇವತ್ತಿಗೂ ಆ ಗೋಡೆ ಹಿಡಿದೇ ವಾದ ಮಾಡ್ತಾರೆ. 2005ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಊರಿನ ಶಾಲೆಗಳಲ್ಲಿ ವಿಕಾಸವಾದದ ಪಕ್ಕದಲ್ಲಿ ಸೃಷ್ಟಿವಾದದ ಹೊಸ ರೂಪವೊಂದನ್ನು ತರಲು ಹೊರಟಾಗ ಕೋರ್ಟು ತಡೆದದ್ದೂ ಅದೇ ತಿದ್ದುಪಡಿಯ ಆಧಾರದ ಮೇಲೆ.

ನಮ್ಮಲ್ಲಿ ಅಂಥ ಗೋಡೆ ಕಟ್ಟಲಿಲ್ಲ. ಬೇಕಂತಲೇ ಕಟ್ಟಲಿಲ್ಲ. ಗೋಡೆ ಕಟ್ಟಿದ್ದರೆ ದಲಿತರಿಗೆ ದೇವಸ್ಥಾನ ಪ್ರವೇಶದ ಕಾನೂನು ಮಾಡೋಕೂ ಆಗುತ್ತಿರಲಿಲ್ಲ. 25ನೇ ವಿಧಿ ಧಾರ್ಮಿಕ ಸ್ವಾತಂತ್ರ್ಯ ಕೊಡುತ್ತೆ. ಆದರೆ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು. ಸಮಾಜ ಸುಧಾರಣೆಗಾಗಿ ಸರ್ಕಾರ ಕಾನೂನು ಮಾಡಬಹುದು ಅಂತಲೂ ಅಲ್ಲೇ ಬರೆದಿದೆ. 27ನೇ ವಿಧಿ ಯಾವುದೇ ಒಂದು ನಿರ್ದಿಷ್ಟ ಧರ್ಮದ ಪ್ರಚಾರಕ್ಕಾಗಿ ತೆರಿಗೆ ವಸೂಲಿ ಮಾಡುವಂತಿಲ್ಲ ಅನ್ನುತ್ತೆ. ಪೂರ್ತಿ ಸರ್ಕಾರದ ದುಡ್ಡಿನಲ್ಲೇ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು ಅನ್ನೋದು 28ನೇ ವಿಧಿ. ಇದರ ಜೊತೆಗೆ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳೋದು ಪ್ರತಿ ನಾಗರಿಕರ ಕರ್ತವ್ಯ ಅನ್ನುವ 51ಎ(ಎಚ್), ಇದೂ 1976ರಲ್ಲಿ ಸೇರಿದ್ದೇ. ಗಮನಿಸಿ, ಕರ್ತವ್ಯ ನಾಗರಿಕರದ್ದು. ಅದನ್ನು ಪಾಲಿಸಲಿಲ್ಲ ಅಂತ ಯಾರ ಮೇಲೂ ಕೇಸು ಹಾಕೋಕಾಗಲ್ಲ.

ಕೋರ್ಟುಗಳು ಯಾಕೆ ತಡೆಯೋದಿಲ್ಲ?

ಈ ವಿಧಿಗಳ ಅರ್ಥ ಮೊದಲು ನಿಕ್ಕಿಯಾಗಿದ್ದು ನಮ್ಮ ಉಡುಪಿಯ ಮಠವೊಂದರ ಕೇಸಿನಲ್ಲಿ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಧಾರ್ಮಿಕ ದತ್ತಿ ಕಾಯ್ದೆಯಡಿ ಮಠಗಳಿಂದ ವಾರ್ಷಿಕ ವಂತಿಗೆ ವಸೂಲಿ ಮಾಡೋದನ್ನೂ, ಮಠದ ಆಡಳಿತದಲ್ಲಿ ಕೈಹಾಕೋದನ್ನೂ ಶೀರೂರು ಮಠದ ಲಕ್ಷ್ಮೀಂದ್ರ ತೀರ್ಥರು ಪ್ರಶ್ನಿಸಿದ್ದರು. 1954ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆ ತೀರ್ಪಿನಿಂದಲೇ 'ಧರ್ಮದ ಅತ್ಯಗತ್ಯ ಆಚರಣೆ' ಅನ್ನೋ ಮಾತು ಹುಟ್ಟಿದ್ದು. ವಂತಿಗೆಯ ವಿಷಯದಲ್ಲಿ ಕೋರ್ಟು ಹೇಳಿದ್ದು ಎರಡು ಮಾತು. ಒಂದು, ಅದು ಶುಲ್ಕ ಅಲ್ಲ, ತೆರಿಗೆ. ಅದನ್ನು ಹಾಕುವ ಅಧಿಕಾರ ಪ್ರಾಂತ್ಯಕ್ಕಿಲ್ಲ. ಎರಡು, ಆದರೂ ಅದು 27ನೇ ವಿಧಿಯ ಉಲ್ಲಂಘನೆಯಲ್ಲ, ಯಾಕೆಂದರೆ ಅದರ ಉದ್ದೇಶ ಧರ್ಮದ ಪ್ರಚಾರ ಅಲ್ಲ, ಸಂಸ್ಥೆಗಳ ಸರಿಯಾದ ಆಡಳಿತ.

ಆಮೇಲೆ 27ನೇ ವಿಧಿ ಇನ್ನಷ್ಟು ಸಡಿಲ ಆಯ್ತು. ಹಜ್ ಸಬ್ಸಿಡಿ ಪ್ರಶ್ನಿಸಿದ್ದ ಪ್ರಫುಲ್ಲ ಗೊರಾಡಿಯಾ ಕೇಸಿನಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್, ತೆರಿಗೆಯ ಗಣನೀಯ ಭಾಗ ಒಂದು ಧರ್ಮಕ್ಕೆ ಹೋದರೆ ಮಾತ್ರ ಉಲ್ಲಂಘನೆ, ಸಣ್ಣ ಭಾಗ ಹೋದರೆ ಅಲ್ಲ ಅಂತ ಹೇಳಿತು. ಮರುವರ್ಷ ಮತ್ತೊಂದು ಪೀಠ ಹತ್ತು ವರ್ಷದೊಳಗೆ ಹಜ್ ಸಬ್ಸಿಡಿ ನಿಲ್ಲಿಸಲು ಹೇಳಿತು, 2018ರಲ್ಲಿ ಅದು ನಿಂತೂ ಹೋಯಿತು. ಆದರೆ 'ಗಣನೀಯ ಭಾಗ' ಅನ್ನೋ ಅಳತೆಗೋಲು ಉಳಿದುಕೊಂಡಿತು. ಲಕ್ಷಾಂತರ ಕೋಟಿಯ ಬಜೆಟ್ಟಿನಲ್ಲಿ 17 ಕೋಟಿ ಯಾವ ಲೆಕ್ಕ?

ಇಷ್ಟೆಲ್ಲ ಆದಮೇಲೂ ತತ್ವದ ಮಟ್ಟದಲ್ಲಿ ಕೋರ್ಟು ಗಟ್ಟಿಯಾಗಿಯೇ ಮಾತಾಡಿದೆ. ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದ್ದರ ವಿರುದ್ಧದ ಕೇಸು ನಿಮಗೆ ಗೊತ್ತಿರಬಹುದು. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದರಲ್ಲಿ ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ ಅಂತ ಹೇಳಿತು. ರಾಷ್ಟ್ರಪತಿ ಆಳ್ವಿಕೆ ಬಗ್ಗೆ ಮಾತ್ರ ಆ ತೀರ್ಪನ್ನು ನೆನಪಿಸಿಕೊಳ್ಳೋದು ನಮ್ಮ ಅಭ್ಯಾಸ. ಬಾಬ್ರಿ ಮಸೀದಿ ಧ್ವಂಸದ ನಂತರ ಮೂರು ರಾಜ್ಯ ಸರ್ಕಾರಗಳನ್ನು ವಜಾ ಮಾಡಿದ್ದನ್ನು ಎತ್ತಿಹಿಡಿಯುವಾಗ ಕೋರ್ಟು ಆಧಾರವಾಗಿ ಇಟ್ಟುಕೊಂಡಿದ್ದು ಈ ಜಾತ್ಯತೀತತೆಯನ್ನೇ.

ಇಲ್ಲೊಂದು ಉಪಕಥೆ. 'ಸರ್ಕಾರ ದೇವಸ್ಥಾನ ನಡೆಸೋದೇ ಪ್ರತ್ಯೇಕತೆಗೆ ವಿರುದ್ಧ ಅಲ್ವಾ?' ಅನ್ನೋ ಪ್ರಶ್ನೆ. ಇದನ್ನು ಬಲಪಂಥದವರ ಪ್ರಶ್ನೆ ಅಂತ ತಳ್ಳಿಹಾಕೋದು ಸರಿಯಲ್ಲ, ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರ ಜೊತೆ ಹರಡುವ ಲೆಕ್ಕ ಸುಳ್ಳು. 2024ರಲ್ಲಿ ಕರ್ನಾಟಕ ತಂದ ಮುಜರಾಯಿ ತಿದ್ದುಪಡಿ ಮಸೂದೆಯಲ್ಲಿ ವರ್ಷಕ್ಕೆ 1 ಕೋಟಿಗಿಂತ ಹೆಚ್ಚು ಆದಾಯದ ದೇವಸ್ಥಾನಗಳಿಂದ ಶೇ 10, 10 ಲಕ್ಷದಿಂದ 1 ಕೋಟಿವರೆಗಿನವುಗಳಿಂದ ಶೇ 5 ಸಾಮಾನ್ಯ ನಿಧಿಗೆ ಹೋಗಬೇಕು ಅಂತಿತ್ತು. ಆ ನಿಧಿ ಇರೋದು ಆದಾಯ ಇಲ್ಲದ 'ಸಿ' ದರ್ಜೆ ದೇವಸ್ಥಾನಗಳಿಗೆ, ಸರ್ಕಾರದ ಖಜಾನೆಗೆ ಅಲ್ಲ. ಮಸೂದೆ ವಿಧಾನ ಪರಿಷತ್ತಿನಲ್ಲಿ ಬಿದ್ದುಹೋಗಿ, ವಿಧಾನಸಭೆಯಲ್ಲಿ ಮತ್ತೆ ಪಾಸಾಯಿತು. ಆ ಗಲಾಟೆಯಲ್ಲಿ ಈ ಒಂದು ವಾಕ್ಯ ಮಾತ್ರ ಯಾರ ಕಿವಿಗೂ ಬೀಳಲಿಲ್ಲ.

ಮೌಢ್ಯ ನಿಷೇಧ ಕಾಯ್ದೆ: ಒಳಗೇನಿದೆ, ಹೊರಗೇನಿದೆ

ಪರ್ಜನ್ಯ ಹೋಮ ನಡೆದ ಅದೇ 2017ರ ನವೆಂಬರ್‌ನಲ್ಲಿ, ಅದೇ ಸರ್ಕಾರ ಬೆಳಗಾವಿ ಅಧಿವೇಶನದಲ್ಲಿ ಒಂದು ಮಸೂದೆ ಪಾಸು ಮಾಡಿತು. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ, ನಿರ್ಮೂಲನೆ ಮಾಡುವ ಮಸೂದೆ. ಜನರ ಬಾಯಲ್ಲಿ ಮೌಢ್ಯ ನಿಷೇಧ ಕಾಯ್ದೆ.

ಈ ಕಾನೂನಿಗೆ ತೆತ್ತ ಬೆಲೆ ದೊಡ್ಡದು. ಮಹಾರಾಷ್ಟ್ರದಲ್ಲಿ ಇಂಥದೇ ಕಾನೂನಿಗಾಗಿ ವರ್ಷಗಟ್ಟಲೆ ಓಡಾಡಿದ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ಸುಗ್ರೀವಾಜ್ಞೆ ಬಂದಿದ್ದು ಅವರು ಸತ್ತಮೇಲೆ, ಕೆಲವೇ ದಿನಗಳಲ್ಲಿ. ಅದೇ ವರ್ಷ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಕೇಂದ್ರವೊಂದು ಕರ್ನಾಟಕಕ್ಕೆ ಕರಡು ಸಿದ್ಧಮಾಡಿ ಕೊಟ್ಟಿತು. ಅದು ಕಾನೂನಾಗೋಕೆ ನಾಲ್ಕು ವರ್ಷ ಬೇಕಾಯಿತು. ಆ ನಡುವೆ, 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಕೊಲೆ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರ ಕೊಲೆ. ಗೌರಿ ಕೊಲೆಯಾದ ತಿಂಗಳಲ್ಲೇ ಸಚಿವ ಸಂಪುಟ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಜಾರಿಗೆ ಬಂದಿದ್ದು 2020ರ ಜನವರಿಯಲ್ಲಿ, ಬಿಜೆಪಿ ಸರ್ಕಾರ ಇದ್ದಾಗ.

ಒಳಗಿರೋದು: ನರಬಲಿ, ಬೆತ್ತಲೆ ಸೇವೆ, ಎಂಜಲೆಲೆ ಮೇಲೆ ಉರುಳಾಡುವ ಮಡೆಸ್ನಾನದಂಥ ಆಚರಣೆ, ದೆವ್ವ ಬಿಡಿಸ್ತೀನಿ ಅಂತ ಹೊಡೆಯೋದು, ಭಾನಾಮತಿ ಹೆಸರಲ್ಲಿ ಹಿಂಸೆ, ಮುಟ್ಟಾದ ಅಥವಾ ಗರ್ಭಿಣಿ ಹೆಣ್ಣುಮಕ್ಕಳನ್ನು ಬಲವಂತವಾಗಿ ಊರಾಚೆ ಇಡೋದು, ಹಾವು-ಚೇಳು-ನಾಯಿ ಕಚ್ಚಿದವರಿಗೆ ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕೋದು. ಶಿಕ್ಷೆ ಒಂದರಿಂದ ಏಳು ವರ್ಷ ಜೈಲು, 5 ಸಾವಿರದಿಂದ 50 ಸಾವಿರ ದಂಡ.

ಹೊರಗಿರೋದು: ಪೂಜೆ, ಪ್ರಾರ್ಥನೆ, ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆ, ಮಕ್ಕಳ ಕಿವಿ ಚುಚ್ಚೋದು, ಜೈನರ ಕೇಶಲೋಚನ. ಇವೆಲ್ಲ ಹೊರಗಿರಬೇಕಾದ್ದೇ, ಯಾರಿಗೂ ಹಾನಿ ಇಲ್ಲ. ಆದರೆ ಪಟ್ಟಿಯಲ್ಲಿ ಜ್ಯೋತಿಷ್ಯ, ವಾಸ್ತು ಸಲಹೆಗಳೂ ಇವೆ. ನಂಬಿಕೆ ತಪ್ಪಲ್ಲ, ನಂಬಿಕೆಯ ಹೆಸರಲ್ಲಿ ಇನ್ನೊಬ್ಬರ ಮೈಗೆ, ಮಾನಕ್ಕೆ ಘಾಸಿ ಮಾಡೋದು ತಪ್ಪು ಅನ್ನೋದು ಕಾನೂನಿನ ತರ್ಕ. ನನಗನ್ನಿಸುವ ಮಟ್ಟಿಗೆ ಈ ತರ್ಕ ಸರಿ. ಭವಿಷ್ಯ ಕೇಳಿದವರನ್ನೂ ಹೇಳಿದವರನ್ನೂ ಜೈಲಿಗೆ ಹಾಕುವ ಸರ್ಕಾರ ನಮಗೆ ಬೇಕಿಲ್ಲ. ತೊಂದರೆ ಬೇರೆ ಕಡೆ ಇದೆ. ಈ ಕಾನೂನು ನೋಡೋದು ಪ್ರಜೆಗಳ ಕಡೆ ಮಾತ್ರ. ವಾಸ್ತು ನೋಡಿ ವಿಧಾನಸೌಧದ ಕೊಠಡಿಯ ಬಾಗಿಲು ಬದಲಿಸುವ ಮಂತ್ರಿಗೆ, ಮುಹೂರ್ತ ನೋಡಿ ಕಡತಕ್ಕೆ ಸಹಿ ಹಾಕುವ ಅಧಿಕಾರಿಗೆ ಇದರಲ್ಲಿ ಒಂದು ಸಾಲೂ ಇಲ್ಲ.

ಹಾವು ಕಡಿತದ ಉದಾಹರಣೆಯನ್ನೇ ನೋಡಿ. ಮಂತ್ರ ಹಾಕುವವನನ್ನು ಹಿಡಿದು ಒಳಗೆ ಹಾಕಿದರೆ ಜೀವ ಉಳಿಯಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ನಮ್ಮಲ್ಲಿ ಬಳಸೋದು ಒಂದೇ ಪ್ರತಿವಿಷದ ಇಂಜೆಕ್ಷನ್. ಅದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗದೇ ಹೋದರೆ ಜನ ಮಂತ್ರದವನ ಹತ್ತಿರವೇ ಓಡ್ತಾರೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಎಲ್ಲಿ ಎಷ್ಟು ಜನಕ್ಕೆ ಕಚ್ಚುತ್ತೆ ಅನ್ನೋ ಲೆಕ್ಕ ಸಿಕ್ಕರೆ ಔಷಧ ಎಲ್ಲಿ ಎಷ್ಟು ಇಡಬೇಕು ಅಂತ ಗೊತ್ತಾಗುತ್ತೆ. ಟಿವಿ ಡಿಬೇಟ್ ಆಗದ ಈ ಆದೇಶ ಮೌಢ್ಯದ ವಿರುದ್ಧ ಮಾಡುವ ಕೆಲಸ ಸಣ್ಣದಲ್ಲ.

'ಪುರಾವೆ ತೋರಿಸಿ' ಅಂದವರು

ಸರ್ಕಾರಿ ಕುರ್ಚಿಯಲ್ಲಿ ಕೂತು ಈ ಮಾತು ಹೇಳಿದ ಒಬ್ಬರು ನಮ್ಮಲ್ಲೇ ಇದ್ದರು. ಗೌರಿಬಿದನೂರು ಕಡೆಯ ಹಳ್ಳಿಯ ಬಡ ಮನೆಯಿಂದ ಬಂದು ಭೌತಶಾಸ್ತ್ರ ಕಲಿಸಿದ ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ತನಿಖೆ ಮಾಡೋಕೆ ಒಂದು ಸಮಿತಿ ಮಾಡಿದರು. ಸತ್ಯ ಸಾಯಿಬಾಬಾ ಅವರಿಗೂ ಪತ್ರ ಬರೆದು ಪರೀಕ್ಷೆಗೆ ಆಹ್ವಾನಿಸಿದರು, ಬಾಬಾ ಒಪ್ಪಲಿಲ್ಲ. ಬಾಬಾ ಪವಾಡ ಮಾಡಲ್ಲ ಅಂತ ಎಚ್.ಎನ್. ತೀರ್ಪು ಕೊಡಲಿಲ್ಲ, ಎಲ್ಲರೂ ನೋಡುವ ಹಾಗೆ ಮಾಡಿ ಅಂತ ಕೇಳಿದರು ಅಷ್ಟೇ.

ಆದರೆ ಪುರಾವೆ ಕೇಳುವ ಜವಾಬ್ದಾರಿ ಕೋರ್ಟಿನ ಮೇಲೆ ಹಾಕಿದರೆ ಕೆಲಸ ಆಗೋದಿಲ್ಲ. ವಿಶ್ವವಿದ್ಯಾಲಯಗಳಲ್ಲಿ 'ಜ್ಯೋತಿರ್ ವಿಜ್ಞಾನ' ಕೋರ್ಸ್ ತೆರೆಯುವ ಯುಜಿಸಿಯ 2001ರ ನಿರ್ಧಾರವನ್ನು ವಿಜ್ಞಾನಿ ಪಿ.ಎಂ. ಭಾರ್ಗವ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 2004ರಲ್ಲಿ ಅರ್ಜಿ ವಜಾ ಆಯ್ತು. ಯಾವ ಕೋರ್ಸ್ ಬೇಕು ಅಂತ ತಜ್ಞ ಸಂಸ್ಥೆ ತೀರ್ಮಾನಿಸಿದೆ, ಅದರಲ್ಲಿ ನಾವು ತಲೆಹಾಕೋದಿಲ್ಲ ಅನ್ನೋದು ಕೋರ್ಟಿನ ನಿಲುವಿನ ಸಾರ.

ಹಾಗಂತ ವಿಜ್ಞಾನದ ವೇಷ ಹಾಕಿದ್ದೆಲ್ಲ ವಿಜ್ಞಾನವೂ ಅಲ್ಲ. ಪರ್ಜನ್ಯ ಹೋಮದ ಎರಡು ತಿಂಗಳ ನಂತರ, 2017ರ ಆಗಸ್ಟ್‌ನಲ್ಲಿ, ರಾಜ್ಯ ಸರ್ಕಾರ 'ವರ್ಷಧಾರೆ' ಹೆಸರಲ್ಲಿ ಮೋಡ ಬಿತ್ತನೆ ಶುರು ಮಾಡಿತು. ಬಿತ್ತನೆ ಆದಮೇಲೆ ಮಳೆ ಬಂತು ಅಂದ ಮಾತ್ರಕ್ಕೆ ಬಿತ್ತನೆಯಿಂದಲೇ ಬಂತು ಅಂತ ಹೇಗೆ ಹೇಳ್ತೀರಿ? ಹೋಮ ಆದಮೇಲೂ ಮಳೆ ಬರುತ್ತೆ. ಅದನ್ನು ತಿಳಿಯೋಕೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಸೊಲ್ಲಾಪುರದಲ್ಲಿ 2018-19ರಲ್ಲಿ ಮಾಡಿದಂಥ ಪ್ರಯೋಗ ಬೇಕು. ಅಲ್ಲಿ 276 ಮೋಡಗಳನ್ನು ಆರಿಸಿಕೊಂಡು, ಯಾವುದಕ್ಕೆ ಬಿತ್ತನೆ, ಯಾವುದಕ್ಕಿಲ್ಲ ಅಂತ ಚೀಟಿ ಎತ್ತಿದ ಹಾಗೆ ಹಂಚಿ ಹೋಲಿಸಿದರು. ಮಳೆ ಸುಮಾರು ಶೇ 18ರಷ್ಟು ಹೆಚ್ಚಾಗಿತ್ತು. ವಿಮಾನ ಹಾರಿಸಿದ್ದಕ್ಕೆ ಅಲ್ಲ, ಹೀಗೆ ಹೋಲಿಸಿದ್ದಕ್ಕೆ ಅದು ವಿಜ್ಞಾನ.

ತಟ್ಟೆಗೆ ಬಂದ ಮೊಟ್ಟೆ

ಧರ್ಮದ ಮಾತು ಒಂದು ಕಡೆ, ಪುರಾವೆ ಇನ್ನೊಂದು ಕಡೆ ನೇರಾನೇರ ಎದುರಾಗಿದ್ದು ಶಾಲೆಯ ಬಿಸಿಯೂಟದಲ್ಲಿ. ಪಕ್ಕದ ತಮಿಳುನಾಡಿನಲ್ಲಿ ಈ ಜಗಳ ಯಾವತ್ತೋ ಮುಗಿದಿದೆ: 1989ರಲ್ಲಿ ಹದಿನೈದು ದಿನಕ್ಕೊಂದು ಮೊಟ್ಟೆಯಿಂದ ಶುರುವಾಗಿ 2010ರ ಹೊತ್ತಿಗೆ ವಾರಕ್ಕೆ ಐದಾಗಿತ್ತು. ನಮ್ಮಲ್ಲಿ ಅಕ್ಷರ ದಾಸೋಹ ಶುರುವಾಗಿದ್ದು 2002ರಲ್ಲಿ, ಮೊಟ್ಟೆ ಬರೋಕೆ ಸುಮಾರು ಇಪ್ಪತ್ತು ವರ್ಷ ಬೇಕಾಯಿತು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹಿಂದಿನ ಸಮೀಕ್ಷೆಯಲ್ಲಿ 36.2 ಇತ್ತು. ಅಂದರೆ ಅಷ್ಟು ವರ್ಷದಲ್ಲಿ ಒಂದು ಪರ್ಸೆಂಟೂ ಕಡಿಮೆಯಾಗಿಲ್ಲ. 2021ರ ಡಿಸೆಂಬರ್‌ನಲ್ಲಿ ಬಸವರಾಜ ಬೊಮ್ಮಾಯಿಯವರ ಬಿಜೆಪಿ ಸರ್ಕಾರ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ 1ರಿಂದ 8ನೇ ಕ್ಲಾಸಿನ ಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿತು. ತಿನ್ನದವರಿಗೆ ಬಾಳೆಹಣ್ಣು. ಕೂಡಲೇ ಕೆಲವು ಮಠಾಧೀಶರು ವಿರೋಧಿಸಿದರು. ಶಾಲೆ ಮಿಲಿಟರಿ ಹೋಟೆಲ್ ಆಗುತ್ತೆ, ತಿನ್ನುವ ಮಗು-ತಿನ್ನದ ಮಗು ಅಂತ ಭೇದ ಹುಟ್ಟುತ್ತೆ ಅನ್ನೋ ಮಾತು ಬಂತು. ಆಗ ವೈರಲ್ ಆದ ವಿಡಿಯೊ ನೀವೂ ನೋಡಿರಬಹುದು: ಕೊಡಲ್ಲ ಅಂದ್ರೆ ನಿಮ್ಮ ಮಠಕ್ಕೇ ಬಂದು ಕೂತು ತಿಂತೀವಿ ಅನ್ನೋ ಧಾಟಿಯಲ್ಲಿ ಶಾಲಾ ಹುಡುಗಿಯೊಬ್ಬಳು ದಬಾಯಿಸಿದ್ದಳು.

ಭೇದದ ವಾದ ಪೂರ್ತಿ ಪೊಳ್ಳಲ್ಲ, ಮಕ್ಕಳ ನಡುವೆ ಪಂಕ್ತಿಭೇದ ಆಗಬಾರದು ಅನ್ನೋದು ಸರಿ. ಆದರೆ ಅದಕ್ಕೆ ಪರಿಹಾರ ತಿನ್ನೋ ಮಗುವಿನ ತಟ್ಟೆಯಿಂದ ಕಿತ್ತುಕೊಳ್ಳೋದಾ? ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಒಳ್ಳೆಯ ಗುಣಮಟ್ಟದ ಪ್ರೋಟೀನ್ ಇದೆ, ಸಸ್ಯಾಹಾರದಲ್ಲಿ ಸುಲಭಕ್ಕೆ ಸಿಗದ ಬಿ12 ಇದೆ. ಬಾಳೆಹಣ್ಣಿನಲ್ಲಿ ಪ್ರೋಟೀನ್ ಇರೋದು 1 ಗ್ರಾಂ ಆಸುಪಾಸು. ಮೇಲಾಗಿ ಮೊಟ್ಟೆಗೆ ಕಲಬೆರಕೆ ಮಾಡೋಕಾಗಲ್ಲ, ಹಾಲಿಗಾದರೆ ನೀರು ಬೆರೆಸಬಹುದು.

ಸರ್ಕಾರ ಇಲ್ಲಿ ಒಂದು ಒಳ್ಳೆ ಕೆಲಸ ಮಾಡಿತು. ಗದುಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಿಂದ ಅಧ್ಯಯನ ಮಾಡಿಸಿತು. ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನೂ ಸಿಗದ ಗದಗದ ಮಕ್ಕಳನ್ನೂ ಹೋಲಿಸಿದಾಗ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. 2022ರ ಜುಲೈನಲ್ಲಿ ಯೋಜನೆ ಎಲ್ಲಾ ಜಿಲ್ಲೆಗೂ ಹೋಯಿತು, ವರ್ಷಕ್ಕೆ 46 ದಿನ. ವಿಚಿತ್ರ ಅಂದರೆ ಹೆಚ್ಚುಕಮ್ಮಿ ಅದೇ ಸಮಯಕ್ಕೆ, ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ರಾಜ್ಯದ ಸಮಿತಿಯೊಂದು ಸಿದ್ಧಪಡಿಸಿದ ದಾಖಲೆ, ಬಿಸಿಯೂಟದಲ್ಲಿ ಮೊಟ್ಟೆ-ಮಾಂಸ ಬೇಡ, ಅದರಿಂದ ಜೀವನಶೈಲಿಯ ಕಾಯಿಲೆ ಬರುತ್ತೆ ಅನ್ನೋ ಅರ್ಥದಲ್ಲಿ ಮಾತಾಡಿತು. ಎತ್ತರವೇ ಬೆಳೆಯದ ಮಗುವಿಗೆ ಬೊಜ್ಜಿನ ಭಯ! ಒಂದೇ ಸರ್ಕಾರದ ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದು ಕೈಯಲ್ಲಿ ಸಾತ್ವಿಕ ಆಹಾರದ ಉಪದೇಶ.

ಅಕ್ಷಯ ಪಾತ್ರ ಪ್ರತಿಷ್ಠಾನದ ಊಟದಲ್ಲಿ ಈರುಳ್ಳಿ-ಬೆಳ್ಳುಳ್ಳಿ ಇಲ್ಲ ಅನ್ನೋ ವಿವಾದವನ್ನೂ ಇದೇ ಅಳತೆಯಲ್ಲಿ ನೋಡಬೇಕು, ನಮಗೆ ಹಿಡಿಸದ ಉತ್ತರ ಬಂದರೂ ಸಹ. ಆ ಊಟ ಪೋಷಕಾಂಶದ ಮಾನದಂಡಕ್ಕೆ ಹೊಂದುತ್ತೆ ಅಂತ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಹೇಳಿತು. ಆಹಾರ ಹಕ್ಕಿನ ಕಾರ್ಯಕರ್ತರ ಪ್ರಶ್ನೆ ಬೇರೆ ಇತ್ತು: ರುಚಿ ಹಿಡಿಸದೆ ಮಕ್ಕಳು ತಟ್ಟೆಯಲ್ಲೇ ಬಿಟ್ಟರೆ ಪೋಷಕಾಂಶ ಹೊಟ್ಟೆಗೆ ಹೋಗುತ್ತಾ? ಸಾರ್ವಜನಿಕ ದುಡ್ಡಿನ ಊಟಕ್ಕೆ ಒಂದು ಪಂಥದ ಆಹಾರ ನಿಯಮ ಯಾಕೆ? ಮೊದಲನೆಯದನ್ನು ತಟ್ಟೆಯಲ್ಲಿ ಉಳಿದದ್ದನ್ನು ತೂಗಿ ತಿಳಿಯಬಹುದು. ಎರಡನೆಯದು ತೂಗುವಂಥದ್ದಲ್ಲ, ಅದು ತತ್ವದ ಪ್ರಶ್ನೆ. ಎರಡನ್ನೂ ಬೆರೆಸಿ ಮಾತಾಡಿದ್ದರಿಂದ ಆ ಚರ್ಚೆ ಎಲ್ಲಿಗೂ ತಲುಪಲಿಲ್ಲ.

ಜಗಳ ಈಗಲೂ ಮುಗಿದಿಲ್ಲ, ಸ್ವರೂಪ ಬದಲಾಗಿದೆ. 2025ರಲ್ಲಿ ಮಂಡ್ಯ ಜಿಲ್ಲೆಯ ಆಲಕೆರೆಯಲ್ಲಿ, ಶಾಲೆ ಪಕ್ಕ ದೇವಸ್ಥಾನ ಇದೆ, ಇಲ್ಲಿ ಮೊಟ್ಟೆ ಬೇಯಿಸಬಾರದು ಅಂತ ಪಟ್ಟುಹಿಡಿದ ಪೋಷಕರು ಮಕ್ಕಳ ಟಿಸಿ ತಗೊಂಡು ಹೋದರು. ಇಲ್ಲಿ ಎದುರಿಗಿದ್ದಿದ್ದು ಮಠಾಧೀಶರಲ್ಲ, ಅಪ್ಪ-ಅಮ್ಮಂದಿರು. ಅವರನ್ನು ಮೂಢರು ಅಂತ ಬೈದರೆ ಮಕ್ಕಳು ವಾಪಸ್ ಬರಲ್ಲ. ಅವರ ಮಾತಿಗೆ ಮಣಿದು ನಿಲ್ಲಿಸಿದರೆ ಅದೇ ಊರಿನಲ್ಲಿ ಮೊಟ್ಟೆ ಬೇಕು ಅನ್ನೋ ಮಗುವಿಗೆ ಅನ್ಯಾಯ. ತಿನ್ನದವರಿಗೆ ಬಾಳೆಹಣ್ಣು ಕೊಡೋದು ಸರ್ಕಾರದ ಕರ್ತವ್ಯ. ಇನ್ನೊಬ್ಬರ ಮಗು ಏನು ತಿನ್ನಬೇಕು ಅಂತ ತೀರ್ಮಾನಿಸುವ ಹಕ್ಕು ಮಾತ್ರ ಯಾವ ಪೋಷಕರಿಗೂ ಇಲ್ಲ.

2023ರಲ್ಲಿ ಕಾಂಗ್ರೆಸ್ ಸರ್ಕಾರ ಯೋಜನೆಯನ್ನು 10ನೇ ಕ್ಲಾಸಿನವರೆಗೆ ವಿಸ್ತರಿಸಿ ವಾರಕ್ಕೆ ಎರಡು ಮೊಟ್ಟೆ ಮಾಡಿತು. 2024ರಿಂದ ವಾರಕ್ಕೆ ಆರು ದಿನವೂ ಸಿಗುತ್ತಿದೆ, ಸುಮಾರು 55 ಲಕ್ಷ ಮಕ್ಕಳಿಗೆ. ಆದರೆ ಉಳಿದ ನಾಲ್ಕು ದಿನದ ಮೊಟ್ಟೆಗೆ ದುಡ್ಡು ಕೊಡ್ತಿರೋದು ಅಜೀಂ ಪ್ರೇಮ್‌ಜಿ ಫೌಂಡೇಷನ್, ಸುಮಾರು 1,500 ಕೋಟಿ ರೂಪಾಯಿ, ಮೂರು ವರ್ಷಕ್ಕೆ. ಒಪ್ಪಂದಕ್ಕೆ ಸಹಿ ಬಿದ್ದಿದ್ದು 2024ರ ಜುಲೈನಲ್ಲಿ. ಆ ಮೂರು ವರ್ಷ ಕಳೆದಮೇಲೆ ಆ ನಾಲ್ಕು ಮೊಟ್ಟೆಗಳನ್ನು ರಾಜ್ಯದ ಬಜೆಟ್ಟಿನಲ್ಲಿ ಯಾವ ಸಾಲಿನಲ್ಲಿ ಬರೀತಾರೆ ಅನ್ನೋ ಪ್ರಶ್ನೆಯನ್ನು ನಿಮ್ಮ ಶಾಸಕರಿಗೆ ಈಗಲೇ ಕೇಳಬಹುದು.